ರಾತ್ರಿ ರಸ್ತೆ ಕೆಲಸ, ಬೆಳಗಿನ ಜಾಮ್: ತಪ್ಪು ಎಲ್ಲಿದೆ?

ಬೆಳಿಗ್ಗೆ ಎಂಟೂವರೆಗೆ ಬಾಂದ್ರಾದ ಕಲಾನಗರದ ಹತ್ತಿರ ಆಟೋದಲ್ಲಿ ಕೂತವರಿಗೆ ಇದು ಗೊತ್ತಿರುತ್ತೆ. ಬಿಕೆಸಿಯ ಕಟ್ಟಡಗಳು ಕಣ್ಣಿಗೆ ಕಾಣ್ತಿವೆ, ಮೀಟರ್ ಏರ್ತಿದೆ, ಗಾಡಿ ಮಾತ್ರ ನಿಂತಿದೆ. ಮುಂದೆ ಹೋಗಿ ನೋಡಿದರೆ ಒಂದು ಲೇನಿನಲ್ಲಿ ಹತ್ತು ಕೋನ್, ಪಕ್ಕದಲ್ಲಿ ಒಂದು ರೋಲರ್. "ಇದನ್ನ ರಾತ್ರಿ ಮಾಡೋಕಾಗಲ್ವಾ?" ಅಂತ ಕೇಳ್ತೀವಿ. ಎಷ್ಟೋ ಸಲ ಕೆಲಸ ಶುರುವಾಗಿದ್ದು ರಾತ್ರಿಯೇ. ಬೆಳಗಾಗುವುದರೊಳಗೆ ಮುಗಿದಿರೋದಿಲ್ಲ, ಅಷ್ಟೇ.

ಹಾಗಾದರೆ ಇಂಥ ಸಣ್ಣ ಅವಧಿಯ ಕೆಲಸಕ್ಕೆ ಯಾವ ಉಪಾಯ ಒಳ್ಳೆಯದು ಅಂತ ಅಳೆಯೋದು ಹೇಗೆ? ಒಂದು ಲೆಕ್ಕ ಮಾಡೋಣ.

ಒಂದು ಗಂಟೆ ತಡವಾದರೆ

ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಹಲವು ಕಡೆ ಲೇನ್‌ಗಳು ಜಾಸ್ತಿ ಇವೆ. ಲೆಕ್ಕ ಸುಲಭ ಆಗಲಿ ಅಂತ ಒಂದು ದಿಕ್ಕಿಗೆ ಮೂರು ಲೇನ್ ಅಂತ ಇಟ್ಟುಕೊಳ್ಳೋಣ. ಒಂದು ಲೇನಿನಲ್ಲಿ ಗಂಟೆಗೆ 1,800 ಗಾಡಿ ಹೋದರೆ ಒಟ್ಟು 5,400. ಒಂದು ಲೇನ್ ಮುಚ್ಚಿದರೆ 3,600. ನಡುರಾತ್ರಿ ಗಂಟೆಗೆ 2,000 ಗಾಡಿ ಬರುತ್ತೆ ಅಂದ್ರೆ ಕ್ಯೂ ಇಲ್ಲವೇ ಇಲ್ಲ.

ಈಗ ಅದೇ ಲೇನ್ ಬೆಳಿಗ್ಗೆ 8ರಿಂದ 9ರ ತನಕ ಮುಚ್ಚಿಯೇ ಇತ್ತು, ಗಂಟೆಗೆ 5,000 ಗಾಡಿ ಬಂತು ಅನ್ನಿ. ಒಂದೇ ಗಂಟೆಯಲ್ಲಿ 1,400 ಗಾಡಿ ಬಾಕಿ. ಮೂರೂ ಲೇನ್ ತುಂಬಿದರೂ ಕ್ಯೂ ಮೂರು ಕಿಲೋಮೀಟರ್ ದಾಟುತ್ತೆ. 9ಕ್ಕೆ ಲೇನ್ ತೆರೆದ ಮೇಲೂ ಗಾಡಿಗಳು 5,000ದ ಲೆಕ್ಕದಲ್ಲೇ ಬರ್ತಾ ಇದ್ದರೆ, ಗಂಟೆಗೆ ಕರಗೋದು ಬರೀ 400. ಅಂದ್ರೆ ಕ್ಯೂ ಪೂರ್ತಿ ಮುಗಿಯೋಕೆ ಇನ್ನೂ ಮೂರೂವರೆ ಗಂಟೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಸಿಕ್ಕಿಕೊಂಡವನಿಗೆ ರೋಲರ್ ಕಾಣೋದೇ ಇಲ್ಲ. "ಸುಮ್ಮಸುಮ್ಮನೆ ಜಾಮ್" ಅಂತಾನೆ.

ಎಲ್ಲರ ಕಾಯುವಿಕೆ ಕೂಡಿಸಿದರೆ 3,150 ಗಾಡಿ-ಗಂಟೆ. ಇಡೀ ರಾತ್ರಿಯ ಕೆಲಸಕ್ಕೆ ಸೊನ್ನೆ, ಒಂದು ಗಂಟೆಯ ವಿಳಂಬಕ್ಕೆ ಇಷ್ಟು! ಯಾವ ಉಪಾಯವನ್ನೇ ತೂಗಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದು: ಲೇನ್ ಹೇಳಿದ ಹೊತ್ತಿಗೆ ತೆರೆಯುತ್ತಾ?

ಉಪಾಯಗಳನ್ನು ತೂಗೋಣ

ರಾತ್ರಿ ಕೆಲಸ: ಟ್ರಾಫಿಕ್ ಲೆಕ್ಕದಲ್ಲಿ ಇದೇ ಉತ್ತಮ. ಆದರೆ ರಾತ್ರಿ 11ರಿಂದ 6 ಅಂದ್ರೆ ಏಳು ಗಂಟೆ ಕೆಲಸ ಅಲ್ಲ. ಕೋನ್ ಇಡಬೇಕು, ತೆಗೀಬೇಕು, ಬಿಸಿ ಡಾಂಬರು ತಣ್ಣಗಾಗಬೇಕು. ಬೆಲೆ ತೆರುವವರೂ ಇದ್ದಾರೆ: ಪಕ್ಕದ ಬಿಲ್ಡಿಂಗಿನಲ್ಲಿ ಮಲಗಿದವರು, ಖಾಲಿ ರಸ್ತೆಯಲ್ಲಿ ಜೋರಾಗಿ ಬರುವ ಗಾಡಿಗಳ ಎದುರು ನಿಂತ ಕಾರ್ಮಿಕರು. ಗಾಡಿ-ಗಂಟೆಯ ಲೆಕ್ಕದಲ್ಲಿ ಇವರು ಬರೋದೇ ಇಲ್ಲ.

ಪೂರ್ತಿ ಬಂದ್: ಭಾನುವಾರದ ಲೋಕಲ್ ಮೆಗಾಬ್ಲಾಕ್ ನಮಗೆಲ್ಲ ಗೊತ್ತು. 2020ರ ಫೆಬ್ರವರಿಯಲ್ಲಿ ಸಾಯನ್ ಫ್ಲೈಓವರ್‌ನ ಬೇರಿಂಗ್ ಬದಲಿಸುವಾಗಲೂ ವಾರಾಂತ್ಯ ಸೇರಿಸಿ ಕೆಲವು ದಿನಗಳ ಬ್ಲಾಕ್ ತಗೊಂಡರು. ಬೆಂಗಳೂರಿನ ಪೀಣ್ಯ ಫ್ಲೈಓವರನ್ನು 2024ರ ಜನವರಿಯಲ್ಲಿ ಲೋಡ್ ಟೆಸ್ಟಿಗಾಗಿ ಮೊದಲೇ ಹೇಳಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ದಿನಾಂಕ ಮುಂಚೆ ಗೊತ್ತಾದರೆ ಜನ ಲೋಕಲ್ ಹಿಡೀತಾರೆ, ಇಲ್ಲ ವರ್ಕ್ ಫ್ರಮ್ ಹೋಮ್ ತಗೋತಾರೆ. ಗೊತ್ತಾಗದಿದ್ದರೆ ಇದಕ್ಕಿಂತ ಕೆಟ್ಟ ಉಪಾಯ ಇಲ್ಲ.

ಬೇರೆ ದಾರಿ: ಬಾಂದ್ರಾದಲ್ಲಿ "ಸೀ ಲಿಂಕ್ ಮೇಲೆ ಹೋಗಿ" ಅನ್ನೋದು ಸುಲಭ. ಅದು ಟೋಲ್ ಕೊಡುವ ಕಾರಿಗೆ. ಬೈಕು, ಆಟೋಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಅವೆಲ್ಲ ಎಸ್‌ವಿ ರೋಡಿಗೆ ಇಳಿದರೆ ಜಾಮ್ ಕಡಿಮೆಯಾಗಲ್ಲ, ವಿಳಾಸ ಬದಲಾಯಿಸುತ್ತೆ. ಡೈವರ್ಷನ್ ತೂಗುವಾಗ ಎರಡೂ ರಸ್ತೆಯ ಲೆಕ್ಕ ಕೂಡಿಸಬೇಕು.

ಜಿಪ್ ಮರ್ಜ್: ಎರಡೂ ಲೇನನ್ನು ಕೊನೆಯ ತನಕ ಬಳಸಿ, ಕೋನ್ ಹತ್ತಿರ ಒಂದಾದ ಮೇಲೆ ಒಂದರಂತೆ ಸೇರೋದು. ಜರ್ಮನಿಯಲ್ಲಿ ಇದು ಕಾನೂನಿನಲ್ಲೇ ಇದೆ. ಇದರಿಂದ ದಾಟುವ ಗಾಡಿಗಳ ಸಂಖ್ಯೆ ಅಷ್ಟೇನೂ ಹೆಚ್ಚಲ್ಲ. ಆದರೆ ಕ್ಯೂ ಗಿಡ್ಡ ಆಗುತ್ತೆ, ಹಿಂದಿನ ಸಿಗ್ನಲ್‌ಗೆ ಅಡ್ಡ ಬರಲ್ಲ. ಆಟೋ, ಬೈಕು ಸಂದಿಯಲ್ಲೆಲ್ಲ ನುಗ್ಗುವ ನಮ್ಮ ಕಡೆ ಅಲ್ಲಿ ಒಬ್ಬ ಮಾರ್ಷಲ್ ನಿಲ್ಲಲೇಬೇಕು.

ಲೇನ್ ಬಾಡಿಗೆ: ಲಂಡನ್ನಿನಲ್ಲಿ 2012ರಿಂದ, ಅತಿ ಬ್ಯುಸಿ ರಸ್ತೆಯನ್ನು ಅತಿ ಬ್ಯುಸಿ ಹೊತ್ತಿನಲ್ಲಿ ಅಗೆದರೆ ದಿನಕ್ಕೆ 2,500 ಪೌಂಡ್ ತನಕ ಶುಲ್ಕ ಹಾಕಿದರು. ರಾತ್ರಿ ಮುಗಿಸಿ ಹೋದರೆ ಉಳಿತಾಯ. ನಾವು ಕ್ಯೂನಲ್ಲಿ ಕಳೆಯುವ ಸಮಯಕ್ಕೆ ಬೆಲೆ ಕಟ್ಟಿ, ಅದನ್ನು ಕೆಲಸ ಮಾಡುವವರ ಲೆಕ್ಕಕ್ಕೆ ಹಾಕುವ ಉಪಾಯ ಇದು.

ನಾಲ್ಕು ಗಂಟೆಯ ನಿರ್ಧಾರ

ನಾವು ಪ್ರೊಡಕ್ಷನ್ ರಿಲೀಸ್ ಮಾಡುವಾಗ ರೋಲ್‌ಬ್ಯಾಕಿಗೆ ಸಮಯ ಇಟ್ಟೇ ಇಡ್ತೀವಿ, ಅಲ್ವಾ? ರಸ್ತೆಗೂ ಅದೇ ಬೇಕು. ಬೆಳಗಿನ ಜಾವ 4ಕ್ಕೆ ಒಬ್ಬರು ನಿರ್ಧಾರ ಮಾಡಬೇಕು: ಉಳಿದ ತುಂಡು ಆರರೊಳಗೆ ಮುಗಿಯದಿದ್ದರೆ ಇವತ್ತು ಅಗೆಯೋದು ಬೇಡ, ನಾಳೆ ರಾತ್ರಿ ನೋಡೋಣ. ಒಂದು ರಾತ್ರಿ ಹೆಚ್ಚು ಹೋಗಬಹುದು. ಆ 3,150 ಗಾಡಿ-ಗಂಟೆ ಉಳಿಯುತ್ತೆ. ತುಂಬಿದ ಬೆಸ್ಟ್ ಬಸ್ಸನ್ನೂ ಒಬ್ಬನೇ ಕೂತ ಕಾರನ್ನೂ ಸಮ ಅಂತ ಎಣಿಸದೆ ಜನರ ಲೆಕ್ಕ ಹಾಕಿದರೆ ಉಳಿತಾಯ ಇನ್ನೂ ದೊಡ್ಡದು. ಆ ಕ್ಯೂನಲ್ಲಿ ಒಂದು ಆಂಬುಲೆನ್ಸ್ ಇದ್ದರೆ ಲೆಕ್ಕವೇ ಬೇರೆ.

ಎಚ್ಚರಿಕೆ ಬೋರ್ಡು, ಲೇನ್ ಕಿರಿದಾಗುವ ಜಾಗ, ಕೆಲಸದ ಜಾಗ, ಮುಗಿಯುವ ಜಾಗ ಹೇಗಿರಬೇಕು ಅನ್ನೋದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿ ಈಗಾಗಲೇ ಇದೆ. ಇದರ ಜೊತೆಗೆ ನಾವು ಕೇಳಬೇಕಾದದ್ದು ಸಣ್ಣದು. ಮುಂದಿನ ಸಲ "ಕೆಲಸ ನಡೆಯುತ್ತಿದೆ" ಅನ್ನೋ ಬೋರ್ಡು ಕಂಡಾಗ, ಅದರಲ್ಲಿ ಲೇನ್ ಎಷ್ಟು ಗಂಟೆಗೆ ತೆರೆಯುತ್ತೆ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ವಾರ್ಡ್ ಆಫೀಸಿಗೆ ಬರೆಯುವ ದೂರಿನಲ್ಲಿ "ಜಾಮ್ ಆಗ್ತಿದೆ" ಅಂತಷ್ಟೇ ಬರೀಬೇಡಿ, ಆ ಸಮಯ ಕೇಳಿ. ಸಮಯ ಬರೆದ ಮೇಲೆ ತಾನೇ ತಡ ಆಯ್ತು ಅಂತ ಹೇಳೋಕಾಗೋದು?