ನೇಮಕಾತಿ: ನಡುವೆ ನಿಂತವರ ಹೊಣೆ

ಕಳೆದ ವರ್ಷ ಒಂದು ಸಂಜೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಮನೆಗೆ ಬಂದಿದ್ದಳು. ದೊಡ್ಡ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಹತ್ತು ವರ್ಷ ದುಡಿದು, ಈಗ ಜಯನಗರದ ತನ್ನ ಮನೆಯ ಒಂದು ಕೋಣೆಯಿಂದಲೇ ಸ್ವತಂತ್ರ ನೇಮಕಾತಿ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿರುವಾಕೆ. ಕಂಪನಿಗಳಿಗೆ ಬೇಕಾದ ಜನರನ್ನು ಹುಡುಕಿಕೊಡುವುದು, ಅವರು ಸೇರಿದ ಮೇಲೆ ಕಂಪನಿಯಿಂದ ಶುಲ್ಕ ಪಡೆಯುವುದು ಅವಳ ವೃತ್ತಿ. ಅಂದು ಅವಳ ಮುಖ ಕಳೆಗುಂದಿತ್ತು. ಅವಳ ಮೂಲಕ ಆಯ್ಕೆಯಾಗಿದ್ದ ಎಂಜಿನಿಯರ್ ಒಬ್ಬರು, ‘ಆಫರ್ ಪತ್ರ ಇಂದೋ ನಾಳೆಯೋ ಬರುತ್ತದೆ’ ಎಂಬ ಅವಳ ಮಾತನ್ನು ನಂಬಿ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದರು. ಎರಡು ವಾರಗಳ ಬಳಿಕ ಕಂಪನಿ ಆ ಹುದ್ದೆಯನ್ನೇ ಕೈಬಿಟ್ಟಿತು. ಹಳೆಯ ಸಂಸ್ಥೆ ರಾಜೀನಾಮೆಯನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಮನೆ ಸಾಲದ ಕಂತು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದ ಆ ಮನುಷ್ಯ ನಡುಬೀದಿಯಲ್ಲಿ ನಿಂತಂತಾಯಿತು. ‘ಅಂಕಲ್, ಕಂಪನಿಯವರು ನನಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳಿದೆ. ಇದರಲ್ಲಿ ನನ್ನ ತಪ್ಪೇನು?’ ಎಂದು ಅವಳು ಕೇಳಿದಳು.

ಅಂದು ನಾನು ಕೊಟ್ಟದ್ದು ಸಮಾಧಾನದ ಉತ್ತರ. ನಿಜವಾದ ಉತ್ತರ ಅಷ್ಟು ಹಿತವಾದುದಲ್ಲ. ಕೇಳಿದ್ದನ್ನು ಹಾಗೆಯೇ ದಾಟಿಸುವುದಷ್ಟೇ ಮಧ್ಯವರ್ತಿಯ ಕೆಲಸವಾಗಿದ್ದರೆ ಅವನಿಗೆ ಯಾರೂ ಹಣ ಕೊಡಬೇಕಾಗಿರಲಿಲ್ಲ.

1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಹೇಗೆ ಕೆಡುತ್ತದೆ ಎಂಬುದು ಅದರ ವಿಷಯ. ಅದಕ್ಕಾಗಿ 2001ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಉದ್ಯೋಗದ ಮಾರುಕಟ್ಟೆಯಲ್ಲಿ ಈ ಕತ್ತಲೆ ಎರಡೂ ಕಡೆಗಿದೆ. ಅಭ್ಯರ್ಥಿಯ ಸಾಮರ್ಥ್ಯ ಕಂಪನಿಗೆ ತಿಳಿಯದು. ಕಂಪನಿಯ ಒಳಗುಟ್ಟು ಅಭ್ಯರ್ಥಿಗೆ ತಿಳಿಯದು. ಈ ಕತ್ತಲೆಯಲ್ಲಿ ದೀಪ ಹಿಡಿಯುವುದಕ್ಕೆ ಸಲಹೆಗಾರನಿಗೆ ಶುಲ್ಕ ಸಲ್ಲುತ್ತದೆ. ಕತ್ತಲೆಯ ಲಾಭ ಪಡೆದವರ ಚರಿತ್ರೆಯೂ ನಮ್ಮಲ್ಲಿ ದೀರ್ಘವಾಗಿಯೇ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಮುಂಗಡ ಕೊಟ್ಟು ಆಳುಗಳನ್ನು ತರುತ್ತಿದ್ದ ಮೇಸ್ತ್ರಿ, ಮುಂಬೈ ಗಿರಣಿಗಳಲ್ಲಿ ಕೆಲಸ ಕೊಡಿಸಲು ಕಾರ್ಮಿಕನಿಂದಲೇ ದಸ್ತೂರಿ ಕೀಳುತ್ತಿದ್ದ ಜಾಬರ್ ಆ ಸಾಲಿಗೆ ಸೇರಿದವರು. ಜಾಬರನ ಕೈಯಿಂದ ನೇಮಕಾತಿಯನ್ನು ತಪ್ಪಿಸಬೇಕೆಂದು ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿಯೇ ಹೇಳಿತ್ತು.

ಆದ್ದರಿಂದ ಈ ವೃತ್ತಿಗೆ ಇಳಿಯುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದುದು ಹಣ ಯಾರಿಂದ ಎಂಬುದನ್ನು. ಅಭ್ಯರ್ಥಿಯಿಂದ ಒಂದು ಪೈಸೆಯೂ ಕೂಡದು. ನೋಂದಣಿ ಎಂದಾಗಲೀ, ತರಬೇತಿ ಎಂದಾಗಲೀ, ರೆಸ್ಯೂಮೆ ತಿದ್ದುವುದೆಂದಾಗಲೀ ಕೂಡದು. ಖಾಸಗಿ ಉದ್ಯೋಗ ಸಂಸ್ಥೆಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯ ಸಾಮಾನ್ಯ ನಿಯಮವೂ ಇದೇ. ಭಾರತ ಅದನ್ನು ಅನುಮೋದಿಸಿಲ್ಲ ಎಂಬುದು ನಾವು ಅದನ್ನು ಪಾಲಿಸದಿರಲು ಕಾರಣವಾಗದು. ವಿದೇಶಕ್ಕೆ ಜನರನ್ನು ಕಳುಹಿಸುವ ವ್ಯವಹಾರಕ್ಕಂತೂ 1983ರ ವಲಸೆ ಕಾಯ್ದೆಯಡಿ ನೋಂದಣಿಯಿಲ್ಲದೆ ಕೈಹಾಕಲೇಬಾರದು. ‘ಪರಿಚಯದವರಿಗೆ ಒಂದು ಸಹಾಯ’ ಎಂಬ ನೆಪದಲ್ಲಿಯೂ ಕೂಡದು. ಭದ್ರತಾ ಸಿಬ್ಬಂದಿಯ ಕೆಲಸವೆಂಬ ಮಾತು ನಂಬಿ 2023ರ ಕೊನೆಯಲ್ಲಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿ ಕಂಡು 2024ರ ಸೆಪ್ಟೆಂಬರಿನಲ್ಲಿ ಊರು ಸೇರಿದ್ದನ್ನು ನಾವು ಓದಿದ್ದೇವೆ.

ಇನ್ನು ಕಂಪನಿಯ ಶುಲ್ಕ. ವಾರ್ಷಿಕ ವೇತನದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ಎಂಬುದು ನಮ್ಮಲ್ಲಿ ರೂಢಿಯಾಗಿರುವ ದರ. ಹನ್ನೆರಡು ಲಕ್ಷ ರೂಪಾಯಿ ವೇತನದ ಹುದ್ದೆಗೆ ಸುಮಾರು ಒಂದು ಲಕ್ಷ. ಕೇಳಲು ಸೊಗಸಾಗಿದೆ. ಆದರೆ ದಿನಗಳನ್ನು ಲೆಕ್ಕ ಹಾಕಿ ನೋಡಿ. ಹುಡುಕಾಟ, ಸಂದರ್ಶನಗಳಿಗೆ ಒಂದು ತಿಂಗಳು. ಮಾಹಿತಿ ತಂತ್ರಜ್ಞಾನದಲ್ಲಿ ಸಾಮಾನ್ಯವಾಗಿಬಿಟ್ಟಿರುವ ತೊಂಬತ್ತು ದಿನಗಳ ನೋಟಿಸ್ ಅವಧಿ. ಸೇರಿದ ಮೇಲೆ ಬಿಲ್ಲು. ಅದರ ಪಾವತಿಗೆ ಮತ್ತೆ ನಲವತ್ತೈದೋ ಅರವತ್ತೋ ದಿನ. ಜನವರಿಯಲ್ಲಿ ಆರಂಭಿಸಿದ ಕೆಲಸದ ಹಣ ಕೈಸೇರುವಾಗ ಮುಂಗಾರು ಕಾಲಿಟ್ಟಿರುತ್ತದೆ. ಇದರ ಮಧ್ಯೆ ಜಿ.ಎಸ್.ಟಿ. ನೋಂದಣಿ ಇದ್ದವರು ಶೇ. 18ರ ತೆರಿಗೆಯನ್ನು ಬಿಲ್ಲು ಬರೆದ ಅವಧಿಯ ಲೆಕ್ಕದಲ್ಲಿಯೇ ಕಟ್ಟಬೇಕು. ಕಂಪನಿ ಹಣ ಕೊಟ್ಟಿದೆಯೇ ಇಲ್ಲವೇ ಎಂದು ಇಲಾಖೆ ಕೇಳುವುದಿಲ್ಲ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟುಹೋದರೆ ಪುಕ್ಕಟೆಯಾಗಿ ಬದಲಿ ಕೊಡಬೇಕೆಂಬ ಷರತ್ತು ಬೇರೆ. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿ ಇಟ್ಟುಕೊಳ್ಳದೆ ಈ ವೃತ್ತಿ ಹಿಡಿದವರು ಮೊದಲು ಕಳೆದುಕೊಳ್ಳುವುದು ‘ಇಲ್ಲ’ ಎನ್ನುವ ಶಕ್ತಿಯನ್ನು. ಶೇ. 5ಕ್ಕೆ ಇಳಿಯುವುದು, ಸಂಶಯಾಸ್ಪದ ಅಭ್ಯರ್ಥಿಯನ್ನು ಮುಂದೂಡುವುದು, ಬಾರದ ಆಫರ್ ಪತ್ರವನ್ನು ಬಂದೇಬಿಟ್ಟಿತು ಎನ್ನುವುದು ಎಲ್ಲವೂ ಆ ಅವಸರದ ಮಕ್ಕಳೇ.

ಪಾವತಿಯ ವಿಷಯದಲ್ಲಿ ಕಾನೂನು ಚಿಕ್ಕವರ ಪರವಾಗಿದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿದ್ದರೂ, ನಲವತ್ತೈದು ದಿನಗಳೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸೇವಾ ವೃತ್ತಿಯವರೂ ಇದರ ವ್ಯಾಪ್ತಿಗೆ ಬರುತ್ತಾರೆ. ದೂರು ಕೊಡಲು ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ. ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಪಾವತಿಸುವವರೆಗೆ, ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದಂತೆ 2023ರ ಹಣಕಾಸು ಕಾಯ್ದೆ ಮಾಡಿತು. ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬಡ್ಡಿಗಿಂತ ಹೆಚ್ಚು ಅರ್ಥವಾಗುವ ಭಾಷೆ ಇದು. ಇದಕ್ಕೆ ಬೇಕಾದ ಉದ್ಯಮ್ ನೋಂದಣಿ ಉಚಿತ. ಆಧಾರ್ ಸಂಖ್ಯೆಯಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೊದಲ ಕರಾರಿಗೆ ಸಹಿ ಹಾಕುವ ಮುನ್ನವೇ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಮುದ್ರಿಸುವುದು ಕ್ಷೇಮ.

ಕರಾರು ಲಿಖಿತವಾಗಿರಲಿ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಶುಲ್ಕದ ಸಾಲಿಗಿಂತ ಮುಖ್ಯವಾದ ಪ್ರಶ್ನೆಗಳು ಕರಾರಿಗೂ ಮೊದಲೇ ಕೇಳಬೇಕಾದವು. ಈ ಹುದ್ದೆಗೆ ಮಂಜೂರಾತಿ ಸಿಕ್ಕಿದೆಯೇ? ಅಂತಿಮ ತೀರ್ಮಾನ ಯಾರದು? ಎಷ್ಟು ಸುತ್ತಿನ ಸಂದರ್ಶನ? ಇದೇ ಹುದ್ದೆಯನ್ನು ಇನ್ನೆಷ್ಟು ಸಲಹೆಗಾರರಿಗೆ ಕೊಟ್ಟಿದ್ದೀರಿ? ಮೊದಲಿದ್ದವರು ಏಕೆ ಬಿಟ್ಟರು? ಆ ಹುದ್ದೆಯ ಮೇಲಧಿಕಾರಿಯೊಂದಿಗೆ ಹತ್ತು ನಿಮಿಷ ಮಾತನಾಡಲು ಬಿಡದ ಕಂಪನಿಯ ಕೆಲಸವನ್ನು ನಯವಾಗಿ ನಿರಾಕರಿಸುವುದೇ ಒಳ್ಳೆಯದು. ಸರ್ಕಾರಿ ಕಚೇರಿಯಲ್ಲಿ ಮಂಜೂರಾಗದ ಹುದ್ದೆಗೆ ಅರ್ಜಿ ಕರೆದರೆ ಅಧಿಕಾರಿಯ ತಲೆದಂಡವಾಗುತ್ತದೆ. ಖಾಸಗಿಯವರು ‘ಮಾರುಕಟ್ಟೆಯಲ್ಲಿ ಯಾರಿದ್ದಾರೆ ನೋಡೋಣ’ ಎಂದು ಸಂದರ್ಶನ ನಡೆಸಿಬಿಡುತ್ತಾರೆ. ಒಂದೇ ರೆಸ್ಯೂಮೆಯನ್ನು ಇಬ್ಬರು ಸಲಹೆಗಾರರು ಕಳುಹಿಸಿ ಜಗಳಕ್ಕೆ ಬೀಳುವುದೂ ಇದೆ. ಯಾವ ಕಂಪನಿಗೆ, ಯಾವ ಹುದ್ದೆಗೆ ಎಂದು ನಮೂದಿಸಿ ಅಭ್ಯರ್ಥಿಯ ಒಪ್ಪಿಗೆಯನ್ನು ಮೊದಲೇ ಮಿಂಚಂಚೆಯಲ್ಲಿ ಪಡೆದಿದ್ದರೆ ಆ ಜಗಳ ಹುಟ್ಟುವುದು ಕಡಿಮೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯೂ ಒಪ್ಪಿಗೆಯನ್ನೇ ಮುಖ್ಯವಾಗಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿವೆ. ಸಾವಿರಾರು ಜನರ ರೆಸ್ಯೂಮೆಗಳನ್ನು ಕೇಳದೆ ಹಂಚುವ ಅಭ್ಯಾಸವನ್ನು ಈಗಲೇ ಬಿಡುವುದು ಲೇಸು.

ಕೆಲವು ಕಂಪನಿಗಳು ಬಾಯಿಮಾತಿನಲ್ಲಿ ಇಡುವ ಬೇಡಿಕೆಗಳಿವೆ: ‘ಹೊಸದಾಗಿ ಮದುವೆಯಾದ ಹುಡುಗಿಯರು ಬೇಡ.’ ಹೆರಿಗೆ ರಜೆ 2017ರಲ್ಲಿ 26 ವಾರಗಳಿಗೆ ಏರಿದ ಮೇಲೆ ಈ ಪಿಸುಮಾತು ಹೆಚ್ಚಿದೆ ಎಂದು ನನ್ನ ಪರಿಚಯದ ಸಲಹೆಗಾರರು ಹೇಳುತ್ತಾರೆ. ನೇಮಕಾತಿಯಲ್ಲಿ ಸ್ತ್ರೀ-ಪುರುಷ ಭೇದವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು. ವೇತನ ಸಂಹಿತೆಯಲ್ಲಿಯೂ ಆ ನಿಷೇಧವಿದೆ. ‘ದಯವಿಟ್ಟು ಇದನ್ನು ಬರಹದಲ್ಲಿ ಕಳುಹಿಸಿ’ ಎಂದು ಕೇಳಿದರೆ ಸಾಕು. ಬರಹ ಬರುವುದಿಲ್ಲ.

ಅಭ್ಯರ್ಥಿಯ ಕಡೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ಮನೆಮಟ್ಟದವು. ಯಲಹಂಕದಲ್ಲಿ ಮನೆಯಿರುವವರನ್ನು ಎಲೆಕ್ಟ್ರಾನಿಕ್ ಸಿಟಿಯ ಹುದ್ದೆಗೆ ಒಪ್ಪಿಸಿ ಸಂಭ್ರಮಿಸಿದರೆ, ಆರನೆಯ ವಾರಕ್ಕೆ ಅವರು ಸಿಲ್ಕ್ ಬೋರ್ಡ್ ವೃತ್ತದಲ್ಲಿಯೇ ರಾಜೀನಾಮೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಬದಲಿ ಹುಡುಕುವ ಪುಕ್ಕಟೆ ಕೆಲಸ ನಿಮ್ಮದಾಗುತ್ತದೆ. ಸಂಗಾತಿಗೆ ವಿಷಯ ಗೊತ್ತೇ, ಮಕ್ಕಳ ಶಾಲೆಯ ವರ್ಷ ಎಲ್ಲಿಗೆ ಬಂದಿದೆ, ಈಗಿನ ಕಂಪನಿ ಸಂಬಳ ಏರಿಸಿದರೆ ಉಳಿದುಬಿಡುವಿರಾ ಎಂಬುದನ್ನು ಮೊದಲ ದಿನವೇ ಕೇಳಬೇಕು. ಹೇಳುವ ಸಂಬಳದಲ್ಲಿ ಖಚಿತವಾದುದೆಷ್ಟು, ವರ್ಷದ ಕೊನೆಗೆ ಬಂದರೆ ಬಂತು ಎನ್ನುವುದೆಷ್ಟು ಎಂದು ಬಿಡಿಸಿ ಬರೆದುಕೊಳ್ಳಬೇಕು. ಅನುಭವದ ಬಗ್ಗೆ ಸಂಶಯವಿದ್ದರೆ ಭವಿಷ್ಯನಿಧಿ ಖಾತೆಯಲ್ಲಿರುವ ಸೇವಾ ವಿವರವನ್ನು ಅಭ್ಯರ್ಥಿಯೇ ತೆರೆದು ತೋರಿಸಲಿ. ನಕಲಿ ಅನುಭವಪತ್ರಗಳು ಸಿಗುವ ಈ ಊರಿನಲ್ಲಿ ಇದು ಅವಮಾನವಲ್ಲ.

ಆ ತೊಂಬತ್ತು ದಿನಗಳ ನೋಟಿಸ್ ಅವಧಿಯನ್ನು ನಿಶ್ಚಿತಾರ್ಥ ಮತ್ತು ಧಾರೆಯ ನಡುವಿನ ಕಾಲವೆಂದೇ ಭಾವಿಸಬೇಕು. ಹೋಗಿಬಂದು ಮಾಡದಿದ್ದರೆ ಸಂಬಂಧ ತಪ್ಪುತ್ತದೆ. ವಾರಕ್ಕೊಮ್ಮೆಯಾದರೂ ಮಾತನಾಡಿ, ಕಂಪನಿಯಲ್ಲಿ ಏನಾದರೂ ಅಲುಗಾಡಿದರೆ ಅಭ್ಯರ್ಥಿಗೆ ಅದೇ ದಿನ ತಿಳಿಸಬೇಕು. 2022ರಲ್ಲಿ ಕಾಲೇಜುಗಳಲ್ಲಿಯೇ ಆಯ್ಕೆಯಾದ ಹೊಸಬರಲ್ಲಿ ಅನೇಕರು ಕೆಲಸಕ್ಕೆ ಕರೆ ಬಾರದೆ ಎರಡು ವರ್ಷದವರೆಗೆ ಕಾದದ್ದುಂಟು. ಅವರ ಕೈಯಲ್ಲಿ ಪತ್ರವಿತ್ತು. ಪತ್ರವಿದ್ದವರ ಗತಿಯೇ ಹೀಗಿರುವಾಗ, ಸಹಿಯಾದ ಪತ್ರವನ್ನು ಕಣ್ಣಾರೆ ನೋಡುವ ಮೊದಲು ಯಾರಿಗೂ ‘ರಾಜೀನಾಮೆ ಕೊಡಿ’ ಎನ್ನಬಾರದು. ಕಂಪನಿ ಅವಸರಪಡಿಸಿದರೆ ಪತ್ರವನ್ನು ಅವಸರದಿಂದ ಕಳುಹಿಸಲಿ. ಆಯ್ಕೆಯಾಗದವರಿಗೂ ಫಲಿತಾಂಶ ತಿಳಿದ ದಿನವೇ ಒಂದು ಕರೆ ಮಾಡಬೇಕು. ಮೌನವೇ ಉತ್ತರವೆಂದು ತಿಳಿದ ಅಭ್ಯರ್ಥಿಗಳು ಮುಂದೆ ತಾವು ಒಪ್ಪಿದ ಕೆಲಸಕ್ಕೆ ಹೇಳದೆ ಗೈರಾದಾಗ ನಾವು ನೈತಿಕತೆಯ ಮಾತಾಡುತ್ತೇವೆ.

ನನ್ನ ಸಹೋದ್ಯೋಗಿಯ ಮಗಳು ಈಗ ಎರಡು ನಿಯಮ ಮಾಡಿಕೊಂಡಿದ್ದಾಳೆ. ಹುದ್ದೆ ಮಂಜೂರಾಗಿದೆ ಎಂಬ ಒಂದು ಸಾಲನ್ನು ಕಂಪನಿಯಿಂದ ಬರಹದಲ್ಲಿ ಪಡೆಯದೆ ಹುಡುಕಾಟ ಆರಂಭಿಸುವುದಿಲ್ಲ. ಆಫರ್ ಪತ್ರವನ್ನು ತಾನೇ ಓದದೆ ಅಭ್ಯರ್ಥಿಯೊಂದಿಗೆ ರಾಜೀನಾಮೆಯ ಮಾತೆತ್ತುವುದಿಲ್ಲ. ಇದರಿಂದ ಎರಡು ಕಂಪನಿಗಳು ಅವಳನ್ನು ಬಿಟ್ಟುಹೋದವು. ಒಂದು ಉಳಿದುಕೊಂಡು ಹಿರಿಯ ಹುದ್ದೆಗಳಿಗೆ ಮೂರನೆಯ ಒಂದು ಭಾಗ ಮುಂಗಡವನ್ನೂ ಕೊಡುತ್ತಿದೆ. ಆ ಎಂಜಿನಿಯರಿಗೆ ನಾಲ್ಕು ತಿಂಗಳ ನಂತರ ತಮ್ಮದೇ ಪ್ರಯತ್ನದಿಂದ ಬೇರೆಡೆ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಕಡಿಮೆ ಸಂಬಳಕ್ಕೆ. ಅವಳು ಆಗಾಗ ಅವರಿಗೆ ಫೋನ್ ಮಾಡುತ್ತಾಳೆ. ಅವರು ಎತ್ತುವುದಿಲ್ಲ.