ಅದು ಹಠವಲ್ಲದಿರಬಹುದು
ನಿನ್ನೆಯವರೆಗೆ ನಗುನಗುತ್ತ ಶಾಲೆಗೆ ಹೋಗುತ್ತಿದ್ದ ಮಗು ಒಂದೆರಡು ದಿನಗಳಲ್ಲೇ ಬದಲಾಗುತ್ತದೆ. ಪದೇಪದೇ ಕೈ ತೊಳೆಯುತ್ತದೆ, ಊಟ ಬಿಡುತ್ತದೆ, ತಾಯಿಯ ಸೆರಗು ಬಿಡದು, ಕೈಬರಹ ಕೆಡುತ್ತದೆ. ಹಠವೆಂದು ಗದರಿಸುವ ಮೊದಲು, ದೃಷ್ಟಿಯೆಂದು ನಿವಾಳಿಸುವ ಮೊದಲು, ಈಚೆಗೆ ಗಂಟಲುನೋವು ಬಂದಿತ್ತೇ ಎಂದು ನೆನಪಿಸಿಕೊಳ್ಳಬೇಕು.

ಸ್ಟ್ರೆಪ್ಟೋಕಾಕಸ್ ರೋಗಾಣುವನ್ನು ಎದುರಿಸಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಮಿದುಳನ್ನು ಬಾಧಿಸುವುದರಿಂದ ಹೀಗಾಗಬಹುದೆಂದು ಅಮೆರಿಕದ ವೈದ್ಯೆ ಸೂಸನ್ ಸ್ವೀಡೋ ಮತ್ತು ಸಂಗಡಿಗರು 1998ರಲ್ಲಿ ವಿವರಿಸಿದರು. ‘ಪಾಂಡಾಸ್’ ಎಂಬ ಈ ಕಾಯಿಲೆ ವಿರಳ. ವೈದ್ಯರ ಚರ್ಚೆಯೂ ಮುಗಿದಿಲ್ಲ. ಬದಲಾವಣೆ ಆರಂಭವಾದ ದಿನವನ್ನು ಬರೆದಿಟ್ಟು ಮಕ್ಕಳ ವೈದ್ಯರಿಗೆ ತಿಳಿಸಬೇಕು. ಸೋಂಕಿದ್ದರೆ ಅದಕ್ಕೆ ಔಷಧ, ಮನಸ್ಸಿನ ಭಯಕ್ಕೆ ಮನೋಚಿಕಿತ್ಸೆ. ಎರಡೂ ಜೊತೆಯಾಗಿ ಸಾಗಬೇಕು. ಶಾಲೆಯೂ ದಂಡಿಸದೆ, ಬರೆಯಲು ಹೆಚ್ಚು ಸಮಯ ಕೊಡಲಿ.

ಮಗುವಿನ ಸಂಕಟವನ್ನು ಪರಭಾಷೆಯಲ್ಲಿ ಹೇಳುವುದು ಗಡಿನಾಡಿನ ನಮಗೆ ಸುಲಭವಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.