ಸಕ್ಕರೆಯ ಕವಚ ಮತ್ತು ತಡವಾಗಿ ಬಂದ ಲಸಿಕೆ

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಜಾರುವ ಪದರವೊಂದಿದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಮೈಕೆಲ್ ಹೈಡೆಲ್‌ಬರ್ಗರ್ 1923ರಲ್ಲಿ ಅದನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಪ್ರೋಟೀನು ಸಿಗಲಿಲ್ಲ. ಸಿಕ್ಕಿದ್ದು ಸಕ್ಕರೆಯ ಉದ್ದುದ್ದ ಸರಪಳಿ. ದೇಹದ ರಕ್ಷಣಾ ವ್ಯವಸ್ಥೆ ಪ್ರೋಟೀನನ್ನಷ್ಟೇ ಗುರುತಿಸುತ್ತದೆ ಎಂದು ನಂಬಿದ್ದ ಕಾಲ ಅದು. ಹಾಗಾಗಿ ಹಲವರಿಗೆ ಇದು ನಂಬಲಾಗದ ಮಾತಾಗಿತ್ತು.

ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾಕ್ಕೆ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ಬಿಳಿ ರಕ್ತಕಣಗಳು ಆ ಗುರುತನ್ನೇ ಹಿಡಿದು ಅದನ್ನು ನುಂಗುತ್ತವೆ. ಈ ಸಕ್ಕರೆಯ ಕವಚವಿದ್ದರೆ ಗುರುತು ಸರಿಯಾಗಿ ಬೀಳುವುದಿಲ್ಲ. ಬಿದ್ದರೂ ಕವಚದಡಿ ಹೂತುಹೋಗುತ್ತದೆ. ಮೈಗೆಲ್ಲ ಎಣ್ಣೆ ಬಳಿದುಕೊಂಡು ಬಂದ ಕಳ್ಳನಂತೆ ಬ್ಯಾಕ್ಟೀರಿಯಾ ಕೈಯಿಂದ ನುಣುಚಿಕೊಳ್ಳುತ್ತದೆ. ಕವಚದ ಮೇಲೆಯೇ ಕೂರುವ ಪ್ರತಿಕಾಯಗಳು ಹುಟ್ಟಿದರೆ ಮಾತ್ರ ಅದು ಸಿಕ್ಕಿಬೀಳುತ್ತದೆ. ಆದರೆ ನ್ಯುಮೋಕಾಕಸ್‌ಗೆ ಇರುವುದು ಒಂದೇ ಕವಚವಲ್ಲ. ಈವರೆಗೆ 100ಕ್ಕೂ ಹೆಚ್ಚು ಬಗೆಗಳು ಪತ್ತೆಯಾಗಿವೆ, ಒಂದರ ಪ್ರತಿಕಾಯ ಇನ್ನೊಂದಕ್ಕೆ ಸಾಮಾನ್ಯವಾಗಿ ತಾಗುವುದಿಲ್ಲ.

ಕವಚ ಹೋದರೆ ಈ ಬ್ಯಾಕ್ಟೀರಿಯಾ ಎಷ್ಟು ನಿಶ್ಶಕ್ತ ಎಂಬುದನ್ನು ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ 1928ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಕವಚವಿಲ್ಲದ ಜೀವಂತ ಬ್ಯಾಕ್ಟೀರಿಯಾ ಕೊಟ್ಟರೆ ಇಲಿ ಬದುಕಿತು. ಕವಚವಿದ್ದದ್ದನ್ನು ಕಾಯಿಸಿ ಕೊಂದು ಕೊಟ್ಟಾಗಲೂ ಬದುಕಿತು. ಎರಡನ್ನೂ ಬೆರೆಸಿ ಚುಚ್ಚಿದಾಗ ಸತ್ತಿತು, ಅದರ ರಕ್ತದಲ್ಲಿ ಕವಚ ತೊಟ್ಟ ಜೀವಂತ ಬ್ಯಾಕ್ಟೀರಿಯಾ ಸಿಕ್ಕಿತು. ಕವಚ ಕಟ್ಟುವ ವಿದ್ಯೆ ಸತ್ತದ್ದರಿಂದ ಬದುಕಿದ್ದಕ್ಕೆ ದಾಟಿತ್ತು. ಹಾಗೆ ದಾಟಿದ ವಸ್ತು ಡಿಎನ್‌ಎ ಎಂದು ಏವರಿ, ಕಾಲಿನ್ ಮ್ಯಾಕ್ಲಿಯೋಡ್, ಮ್ಯಾಕ್ಲಿನ್ ಮೆಕಾರ್ಟಿ 1944ರಲ್ಲಿ ಸಾಧಿಸಿದರು. ಗ್ರಿಫಿತ್ ಅದನ್ನು ಕಾಣಲಿಲ್ಲ. 1941ರಲ್ಲಿ ಲಂಡನ್ ಮೇಲಿನ ಬಾಂಬ್ ದಾಳಿಯಲ್ಲಿ ತೀರಿಕೊಂಡಿದ್ದರು. ಏವರಿಗೆ ನೊಬೆಲ್ ಸಿಗಲೇ ಇಲ್ಲ. ನೊಬೆಲ್ ಇತಿಹಾಸದ ದೊಡ್ಡ ಅನ್ಯಾಯಗಳಲ್ಲಿ ಅದೂ ಒಂದೆಂದು ನನಗನ್ನಿಸುತ್ತದೆ.

ಆದರೆ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ವಿಷಯ. ಬರೀ ಸಕ್ಕರೆಯ ಲಸಿಕೆ ಕೊಟ್ಟರೆ ಎರಡು ವರ್ಷದೊಳಗಿನ ಮಗುವಿನ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಪ್ರತಿಕಾಯ ಹುಟ್ಟಿಸಲು ರಕ್ಷಣಾ ವ್ಯವಸ್ಥೆಯ ಟಿ ಕಣಗಳ ನೆರವು ಪ್ರೋಟೀನಿಗೆ ಸಿಗುತ್ತದೆ, ಸಕ್ಕರೆಗೆ ಸಿಗದು. ಈ ಕಾಯಿಲೆಗೆ ಹೆಚ್ಚು ಬಲಿಯಾಗುವ ಪುಟ್ಟ ಮಕ್ಕಳಿಗೇ ಕವಚ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ದಾರಿಯನ್ನು ಏವರಿ ಮತ್ತು ವಾಲ್ಟರ್ ಗೋಬೆಲ್ 1931ರಷ್ಟು ಹಿಂದೆಯೇ ತೋರಿಸಿದ್ದರು. ಮೂರನೇ ಬಗೆಯ ನ್ಯುಮೋಕಾಕಸ್‌ನ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಮೊಲಗಳಿಗೆ ಚುಚ್ಚಿದಾಗ ಅವುಗಳಲ್ಲಿ ಪ್ರತಿಕಾಯ ಹುಟ್ಟಿತ್ತು.

ಆ ದಾರಿಯಲ್ಲಿ ಯಾರೂ ಬೇಗ ಮುಂದೆ ಹೋಗಲಿಲ್ಲ. ಪೆನಿಸಿಲಿನ್ ಬಂದಿತ್ತು. 1940ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಸಕ್ಕರೆಯ ಲಸಿಕೆಯನ್ನೂ ಕೇಳುವವರಿಲ್ಲದೆ ಹಿಂತೆಗೆದುಕೊಂಡರು. ರೋಗ ಹಿಡಿದ ಮೊದಲ ದಿನಗಳಲ್ಲೇ ಸಾಯುವವರನ್ನು ಪೆನಿಸಿಲಿನ್ ಉಳಿಸುತ್ತಿಲ್ಲ ಎಂದು 1964ರಲ್ಲಿ ವೈದ್ಯ ರಾಬರ್ಟ್ ಆಸ್ಟ್ರಿಯನ್ ಲೆಕ್ಕಸಮೇತ ತೋರಿಸಿದ ಮೇಲೆ ಆಸಕ್ತಿ ಮತ್ತೆ ಚಿಗುರಿತು. 1977ರಲ್ಲಿ 14 ಬಗೆಗಳ ಲಸಿಕೆ ಬಂತು, ಅದೂ ಎರಡು ವರ್ಷ ದಾಟಿದವರಿಗಷ್ಟೇ. ಪ್ರೋಟೀನಿಗೆ ಜೋಡಿಸಿದ, ಎಳೆಮಕ್ಕಳಿಗೆ ನಾಟುವ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು 2000ದಲ್ಲಿ. ಮೊಲಗಳ ಪ್ರಯೋಗ ನಡೆದು ಸುಮಾರು 70 ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಕಳೆದುಕೊಂಡ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.

ಬ್ಯಾಕ್ಟೀರಿಯಾ ಸುಮ್ಮನಿರಲಿಲ್ಲ. ಆ ಲಸಿಕೆಯಲ್ಲಿ ಏಳು ಬಗೆಗಳಿದ್ದವು. ಅವು ತಗ್ಗಿದಂತೆ ಅದರಲ್ಲಿಲ್ಲದ 19ಎ ಬಗೆ ಹೆಚ್ಚಿತು. ಗ್ರಿಫಿತ್ ಕಂಡ ಅದೇ ವಿದ್ಯೆಯಿಂದ, ಬೇರೆ ತಳಿಯ ಡಿಎನ್‌ಎ ಪಡೆದು, ಕೆಲವು ತಳಿಗಳು ಕವಚವನ್ನೇ ಬದಲಿಸಿಕೊಂಡವು. 2010ರಲ್ಲಿ ಬಂದ 13 ಬಗೆಗಳ ಲಸಿಕೆಯಲ್ಲಿ 19ಎಯನ್ನೂ ಸೇರಿಸಲಾಯಿತು.

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಪ್ರೋಟೀನಿಗೆ ಜೋಡಿಸಿದ ಈ ಲಸಿಕೆ 2017ರಲ್ಲಿ ಹಿಮಾಚಲ ಪ್ರದೇಶ, ಬಿಹಾರ ಮತ್ತು ಉತ್ತರ ಪ್ರದೇಶದ ಕೆಲ ಭಾಗಗಳಿಂದ ಕಾಲಿಟ್ಟು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ಬಿಡುಗಡೆ ಮಾಡಿದ 10 ಬಗೆಗಳ ಲಸಿಕೆಯಲ್ಲೂ 19ಎ ಇದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗ ಮಗುವಿಗೆ 6 ವಾರ, 14 ವಾರ ಮತ್ತು 9 ತಿಂಗಳಿಗೆ ಪಿಸಿವಿ ಹೆಸರಿನಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.